ಸ್ಥಳ ಕೇರಳ, ಓದು ಕನ್ನಡ: ಶಿಫಾರಸು ವ್ಯವಸ್ಥೆಯೊಂದನ್ನು ಸರಿಪಡಿಸಿದ ಅನುಭವ

ಅಡಿಕೆ ಬೆಳೆಗಾರರು ಬಳಸುವ ಕೃಷಿ ಮಾಹಿತಿಯ ಆ್ಯಪ್ ಒಂದರಲ್ಲಿ ಕಾಸರಗೋಡು ಜಿಲ್ಲೆಯ ಬದಿಯಡ್ಕ, ಪೆರ್ಲ ಕಡೆಯ ಕನ್ನಡಿಗರಿಗೆ ಮಲಯಾಳದ ಲೇಖನಗಳೇ ಮೊದಲು ಕಾಣಿಸುತ್ತಿದ್ದವು. ಫೋನಿನ ಸ್ಥಳ ಕೇರಳವೆಂದು ತಿಳಿದೊಡನೆ, ಯಾರಿಗೆ ಯಾವ ಲೇಖನ ತೋರಿಸಬೇಕೆಂದು ನಿರ್ಧರಿಸುವ ಶಿಫಾರಸು ವ್ಯವಸ್ಥೆಯು ಭಾಷೆಯನ್ನೂ ಅದರಿಂದಲೇ ಊಹಿಸುತ್ತಿತ್ತು. ಗಡಿನಾಡಿನಲ್ಲಿ ಈ ಊಹೆ ನಿಲ್ಲುವುದಿಲ್ಲ.

ಭಾಷೆಯನ್ನು ಬಳಕೆದಾರರ ಆಯ್ಕೆಯಿಂದ, ಆಯ್ಕೆ ಇಲ್ಲದಿದ್ದರೆ ಅವರು ಕೊನೆಯವರೆಗೆ ಓದಿದ ಬರಹಗಳಿಂದ ತಿಳಿಯುವಂತೆ ಮಾಡಿ, ಸ್ಥಳವನ್ನು ಹವಾಮಾನಕ್ಕೆ ಮಾತ್ರ ಉಳಿಸಿಕೊಂಡೆ. ಅದಕ್ಕೆ ತಾಲ್ಲೂಕಿನ ಹೆಸರೇ ಸಾಕು. ಮನೆಯ ನಿಖರ ಜಾಗವನ್ನು ಸಂಗ್ರಹಿಸುವುದು ಅನಗತ್ಯ ಮಾತ್ರವಲ್ಲ, ಸರಿಯೂ ಅಲ್ಲ.

ಹೆಚ್ಚು ಯೋಚನೆ ಬೇಡಿದ್ದು ಕಾಲದ ಸಂದರ್ಭ. ನಮ್ಮಲ್ಲಿ ಮಹಾಳಿ ಎನ್ನುವ ಕೊಳೆರೋಗಕ್ಕೆ ಶೇ. 1ರ ಬೋರ್ಡೋ ದ್ರಾವಣವನ್ನು (ಮೈಲುತುತ್ತು, ಸುಣ್ಣ ಬೆರೆಸಿದ ಮದ್ದು) ಮುಂಗಾರಿಗೆ ಮೊದಲೇ ಸಿಂಪಡಿಸಬೇಕು. ಆದರೆ ಆ ಲೇಖನವನ್ನು ಜನರು ಹೆಚ್ಚಾಗಿ ತೆರೆಯುವುದು ಕಾಯಿ ಉದುರತೊಡಗಿದ ಮೇಲೆ, ಜುಲೈಯಲ್ಲಿ. ಹೀಗಾಗಿ ಜನರ ಕ್ಲಿಕ್ಕುಗಳಿಂದಷ್ಟೇ ಕಲಿತ ಗಣಕ ಮಾದರಿಯು ಸಲಹೆಯನ್ನು ಅದು ಉಪಯೋಗಕ್ಕೆ ಬರುವ ಹೊತ್ತು ಮೀರಿದ ಬಳಿಕವೇ ಕೊಡುತ್ತದೆ. ಆದ್ದರಿಂದ ತೋಟದ ಕೆಲಸಗಳ ಕಾಲಪಟ್ಟಿಯನ್ನು ಪ್ರತ್ಯೇಕ ಅಂಶವಾಗಿ ಸೇರಿಸಿ, ಮೇ ತಿಂಗಳಿನಿಂದಲೇ ಶಿಫಾರಸಿನಲ್ಲಿ ಅದರ ತೂಕ ಏರುವಂತೆ ಮಾಡಿದೆ.

ಭಾಷೆ, ತಾಲ್ಲೂಕು, ತಿಂಗಳು ಈ ಮೂರರಿಂದಲೂ ಒಟ್ಟಿಗೆ ಸೋಸಿದರೆ ದತ್ತಾಂಶ ತೀರಾ ವಿರಳವಾಗುತ್ತದೆ. ಅಂಥಲ್ಲಿ ಮೊದಲು ತಾಲ್ಲೂಕನ್ನು ಬಿಟ್ಟು, ಅನಂತರ ತಿಂಗಳನ್ನು ಋತುವಾಗಿ ಹಿಗ್ಗಿಸಿ, ಭಾಷೆಯನ್ನು ಮಾತ್ರ ಎಂದೂ ಬಿಡದಂತೆ ನಿಯಮ ಬರೆದೆ.

ಪರೀಕ್ಷಿಸುವಾಗ ದತ್ತಾಂಶವನ್ನು ಮನಬಂದಂತೆ ಹಂಚದೆ ಕಾಲಕ್ರಮದಲ್ಲಿ ವಿಭಜಿಸಿ, ಹಿಂದಿನ ವರ್ಷಗಳಿಂದ ಕಲಿತದ್ದನ್ನು ಮುಂದಿನ ಮಳೆಗಾಲದ ಮೇಲೆ ಅಳೆದೆ. ಇಲ್ಲವಾದರೆ ಜುಲೈಯ ಮಾಹಿತಿಯು ಮೇ ತಿಂಗಳಿನ ಊಹೆಯೊಳಗೆ ನುಸುಳಿ ಫಲಿತಾಂಶವನ್ನು ಇರುವುದಕ್ಕಿಂತ ಚೆನ್ನಾಗಿ ತೋರಿಸುತ್ತದೆ.