ಹೆಪಟೈಟಿಸ್ ಬಿ ಪಾಸಿಟಿವ್ ಬಂತಾ? ಹೀಗೆ ಮಾಡಿ

ಕಾರವಾರದ ಲ್ಯಾಬೊಂದರಲ್ಲಿ ರಕ್ತ ತೆಗೆಯುವುದು ನನ್ನ ಕೆಲಸ. ಹೋದ ಮಳೆಗಾಲದಲ್ಲಿ ಅಂಕೋಲಾ ಕಡೆಯ ಮೀನುಗಾರರೊಬ್ಬರು ರಿಪೋರ್ಟ್ ಹಿಡಿದು ಬಂದರು. "ಕಾಮಾಲೆನೇ ಇಲ್ಲ, ಕಣ್ಣು ನೋಡಿ" ಎಂದು ರೆಪ್ಪೆ ಎಳೆದು ತೋರಿಸಿದರು. ಬೆಳ್ಳಗೇ ಇತ್ತು. ಆದರೆ ಈ ವೈರಸ್ ಲಿವರ್‌ನಲ್ಲಿ ವರ್ಷಗಟ್ಟಲೆ ಸುಮ್ನೆ ಕೂರುತ್ತದೆ.

ಮೂರು ಪರೀಕ್ಷೆ ಒಟ್ಟಿಗೆ ಮಾಡಿಸಿ: ಎಚ್‌ಬಿಎಸ್‌ಎಜಿ, ಆಂಟಿ-ಎಚ್‌ಬಿಎಸ್, ಆಂಟಿ-ಎಚ್‌ಬಿಸಿ. ಮೊದಲನೆಯದು ಪಾಸಿಟಿವ್ ಅಂದ್ರೆ ಸೋಂಕು ಈಗ ಇದೆ. ಎರಡನೆಯದು ಮಾತ್ರ ಪಾಸಿಟಿವ್ ಆದರೆ ಅದು ಲಸಿಕೆಯ ರಕ್ಷಣೆ. ಮೂರನೆಯದು ಪಾಸಿಟಿವ್ ಅಂದ್ರೆ ಸೋಂಕು ಈಗಲೋ ಹಿಂದೆಯೋ ತಗುಲಿದೆ. ಮೂರೂ ನೆಗೆಟಿವ್ ಇದ್ದರೆ ಲಸಿಕೆ ಹಾಕಿಸಿ: ಇವತ್ತು, 1 ತಿಂಗಳಿಗೆ, 6 ತಿಂಗಳಿಗೆ.

ಎಚ್‌ಬಿಎಸ್‌ಎಜಿ 6 ತಿಂಗಳು ದಾಟಿಯೂ ಹೋಗದಿದ್ದರೆ ದೀರ್ಘಕಾಲದ ಸೋಂಕು. ಆದರೆ ಅಷ್ಟು ದಿನ ಕಾಯುತ್ತಾ ಕೂರಬೇಡಿ. ಡಾಕ್ಟರು ಎಎಲ್‌ಟಿ (ಲಿವರ್‌ಗೆ ಪೆಟ್ಟಾಗಿದೆಯಾ ಎಂದು ತೋರಿಸುವ ರಕ್ತ ಪರೀಕ್ಷೆ), ವೈರಸ್ ಡಿಎನ್‌ಎ (ರಕ್ತದಲ್ಲಿ ವೈರಸ್ ಎಷ್ಟಿದೆ ಎಂಬ ಲೆಕ್ಕ), ಲಿವರ್ ಸ್ಕ್ಯಾನ್ ನೋಡಿ ಮಾತ್ರೆ ಬೇಕೋ ಬೇಡವೋ ಹೇಳುತ್ತಾರೆ. ಸಾಮಾನ್ಯವಾಗಿ ಟೆನೊಫೊವಿರ್ ಅಥವಾ ಎಂಟೆಕಾವಿರ್, ದಿನಕ್ಕೊಂದು. ದೋಣಿ ಹತ್ತುವಾಗ ಮಾತ್ರೆಯೂ ಜೊತೆಗಿರಲಿ. ನೀವಾಗಿ ನಿಲ್ಲಿಸಿದರೆ ಸೋಂಕು ಕೆರಳಬಹುದು. ಬೇರು, ಸೊಪ್ಪಿನ ರಸ ನಂಬಿ ತಿಂಗಳು ಕಳೆಯಬೇಡಿ.

ಗರ್ಭಿಣಿಗೆ ಸೋಂಕಿದ್ದರೆ ಮೊದಲೇ ಡಾಕ್ಟರಿಗೆ ತಿಳಿಸಿ. ಮಗುವಿಗೆ 24 ಗಂಟೆಯೊಳಗೆ ಲಸಿಕೆ ಬೀಳಬೇಕು, ಇಮ್ಯುನೋಗ್ಲಾಬುಲಿನ್ (ವೈರಸ್ ತಡೆಯುವ ಸಿದ್ಧ ಪ್ರತಿಕಾಯಗಳ ಇಂಜೆಕ್ಷನ್) ಕೂಡ.

ಮನೆಯವರಿಗೂ ಪರೀಕ್ಷೆ ಮಾಡಿಸಿ. ಆ ಮೀನುಗಾರರ ಹೆಂಡತಿ ಆಗಲೇ ಅವರ ತಟ್ಟೆ ಬೇರೆ ಇಟ್ಟಿದ್ದರಂತೆ. ತಟ್ಟೆ ಒಂದೇ ಇರಲಿ ಅಂದೆ, ರಕ್ತ ತಾಗಬಹುದಾದ ರೇಜರ್, ಬ್ರಶ್ ಮಾತ್ರ ಬೇರೆ.