ಕಾರ್ನ್ ಸ್ನೇಕ್ ಮರಿಯ ಮೊದಲ ಚಳಿಗಾಲ, ಜೊತೆಗೆ ಗಂಡೋ ಹೆಣ್ಣೋ ಗೊತ್ತುಮಾಡುವ ಬಗೆ

ಕಾರ್ನ್ ಸ್ನೇಕ್ ಅಮೆರಿಕ ಮೂಲದ, ಮನೆಯಲ್ಲಿ ಸಾಕುವ ವಿಷವಿಲ್ಲದ ಹಾವು. ಅದರ ಮೊಟ್ಟೆಗಳು ಸಾಮಾನ್ಯವಾಗಿ ಜುಲೈಯಿಂದ ಸೆಪ್ಟೆಂಬರ್ ಒಳಗೆ ಒಡೆಯುತ್ತವೆ. ಮರಿ ನಮ್ಮ ಕೈಸೇರುವ ಹೊತ್ತಿಗೆ ಅಮೆರಿಕದ ಮಿಶಿಗನ್‌ನಲ್ಲಿ ಮನೆ ಬೆಚ್ಚಗಿಡುವ ಫರ್ನೇಸ್ ಓಡಲು ಶುರುವಾಗಿರುತ್ತದೆ. ಮರಿ ಒಂದಡಿ ಉದ್ದ, ತೂಕ 10 ಗ್ರಾಂ ಆಸುಪಾಸು. ತಂದವರು ಮೊದಲು ಕೇಳುವುದು ಎರಡೇ: ಚಳಿಗೆ ಏನು ಮಾಡಬೇಕು? ಇದು ಗಂಡೋ ಹೆಣ್ಣೋ? ಮೊದಲನೆಯದನ್ನು ಇವತ್ತೇ ಮಾಡಬೇಕು, ಎರಡನೆಯದಕ್ಕೆ ಅವಸರ ಸಲ್ಲದು. ನಾನು ಮರಿಗಳನ್ನು ನೋಡಿಕೊಳ್ಳುವುದು ಇದೇ ಕ್ರಮದಲ್ಲಿ.

ಕಾನೂನಿನ ಮಾತೊಂದನ್ನು ಮೊದಲೇ ಹೇಳಿಬಿಡುತ್ತೇನೆ. ಊರಿನಲ್ಲಿ, ಅಂದರೆ ಭಾರತದಲ್ಲಿ ಇರುವವರು ಇದನ್ನು ಓದಿ ತೋಟದಲ್ಲಿ ಸಿಕ್ಕ ಕೇರೆ ಮರಿಯನ್ನು ಡಬ್ಬಿಗೆ ಹಾಕಿಟ್ಟುಕೊಳ್ಳಬಾರದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅದು ಅಪರಾಧ. ಅಮೆರಿಕದಲ್ಲೂ ರಾಜ್ಯಕ್ಕೊಂದು ನಿಯಮವಿದೆ. ಜಾರ್ಜಿಯಾದಲ್ಲಿ ಕಾರ್ನ್ ಸ್ನೇಕ್ ಅಲ್ಲಿನದೇ ಕಾಡುಹಾವಾದ್ದರಿಂದ ಸಾಕುವಂತಿಲ್ಲ. ನ್ಯೂಜೆರ್ಸಿಯಲ್ಲಿ ಅದು ಅಳಿವಿನಂಚಿನ ಪಟ್ಟಿಯಲ್ಲಿದೆ, ಪರವಾನಗಿ ಇಲ್ಲದೆ ಇಟ್ಟುಕೊಳ್ಳುವ ಹಾಗಿಲ್ಲ.

ಮರಿಗೆ ನಾನು ಬಳಸುವುದು 6 ಕ್ವಾರ್ಟ್‌ನ ಶೂಬಾಕ್ಸ್ ಟಬ್. ಅಂದರೆ ಸುಮಾರು 5.7 ಲೀಟರ್‌ನ ಪ್ಲಾಸ್ಟಿಕ್ ಡಬ್ಬಿ. ದೊಡ್ಡ ಗಾಜಿನ ಪೆಟ್ಟಿಗೆಯಲ್ಲಿ ಮರಿ ಬೆದರುತ್ತದೆ, ಊಟ ಬಿಡುತ್ತದೆ, ಚಳಿಗಾಲದಲ್ಲಿ ಅದನ್ನು ಬೆಚ್ಚಗಿಡುವುದೂ ಕಷ್ಟ. ಟಬ್ಬಿನ ಮುಚ್ಚಳಕ್ಕೆ ಕ್ಲಿಪ್ ಇರಲೇಬೇಕು, ತಲೆ ತೂರುವ ಸಂದಿಯಲ್ಲಿ ಮೈಯೂ ತೂರುತ್ತದೆ.

ಹೀಟ್ ಮ್ಯಾಟ್, ಅಂದರೆ ಕರೆಂಟಿನಿಂದ ಕಾಯುವ ಹಾಸು, ಟಬ್ಬಿನ ಕೆಳಗೆ, ಒಂದು ತುದಿಯ ಮೂರನೇ ಒಂದು ಭಾಗಕ್ಕೆ ಮಾತ್ರ. ತಾಪ ಮೀರದಂತೆ ತಡೆಯುವ ಥರ್ಮೋಸ್ಟಾಟ್ ಇಲ್ಲದೆ ಮ್ಯಾಟ್ ಹಚ್ಚುವುದೇ ಬೇಡ. ಅದರ ಮೇಲ್ಮೈ 45 ಡಿಗ್ರಿ ದಾಟಬಲ್ಲದು, ಹಾವು ಹೊಟ್ಟೆ ಸುಟ್ಟುಕೊಂಡರೂ ಜಾಗ ಬಿಟ್ಟು ಏಳುವುದಿಲ್ಲ. ಥರ್ಮೋಸ್ಟಾಟ್‌ನ ಸೆನ್ಸರನ್ನು ನಾನು ಟಬ್ಬಿನ ಒಳಗೆ ಇಡುವುದಿಲ್ಲ, ಮ್ಯಾಟ್‌ಗೂ ಟಬ್ಬಿನ ತಳಕ್ಕೂ ನಡುವೆ ಟೇಪ್ ಹಾಕಿ ಕೂರಿಸುತ್ತೇನೆ. ಒಳಗಿಟ್ಟರೆ ಮರಿ ಅದನ್ನು ತಳ್ಳುತ್ತದೆ, ಇಲ್ಲವೇ ನೀರಿನ ಬಟ್ಟಲು ಚೆಲ್ಲಿ ಅದು ಒದ್ದೆಯಾಗುತ್ತದೆ. ಒದ್ದೆ ಸೆನ್ಸರ್ ಇರುವುದಕ್ಕಿಂತ ಕಡಿಮೆ ತಾಪ ತೋರಿಸುತ್ತದೆ, ಮ್ಯಾಟ್ ಆರದೆ ಕಾಯುತ್ತಲೇ ಹೋಗುತ್ತದೆ. ಹೊರಗಿಟ್ಟಾಗ ಒಂದು ಲೆಕ್ಕ ನೆನಪಿರಲಿ. ಪ್ಲಾಸ್ಟಿಕ್ ದಾಟಿ ಒಳಗೆ ಬರುವಷ್ಟರಲ್ಲಿ 2ರಿಂದ 4 ಡಿಗ್ರಿ ಇಳಿದಿರುತ್ತದೆ. ಆದ್ದರಿಂದ ಥರ್ಮೋಸ್ಟಾಟನ್ನು 33ಕ್ಕೆ ಇಟ್ಟು, ಬೇರೊಂದು ಡಿಜಿಟಲ್ ಥರ್ಮಾಮೀಟರನ್ನು ಟಬ್ಬಿನೊಳಗೆ ಹಾಸಿದ ಆಸ್ಪೆನ್ ಮರದ ಹೊಟ್ಟಿನ ಅಡಿಯಲ್ಲಿ, ತಳಕ್ಕೆ ತಾಗುವಂತೆ ಇಟ್ಟು ನೋಡುತ್ತೇನೆ. ಅಲ್ಲಿ 29ರಿಂದ 30 ಬಂದರೆ ಸರಿ. ಅಳೆಯಬೇಕಾದ್ದು ತಳದಲ್ಲೇ, ಹೊಟ್ಟಿನ ಮೇಲಲ್ಲ. ಮರಿ ಬಗೆದುಕೊಂಡು ಹೋಗಿ ಮಲಗುವುದು ತಳದಲ್ಲಿ. ಬಿಸಿ ತುದಿಯಲ್ಲಿ ಹೊಟ್ಟು ಎರಡು ಸೆಂಟಿಮೀಟರ್ ಮೀರದಿರಲಿ. ಮ್ಯಾಟ್‌ನ ಅಡಿಗೆ ಕಾರ್ಪೆಟ್ಟೋ ಬಟ್ಟೆಯೋ ಇದ್ದರೆ ಕಾವು ಅಲ್ಲೇ ಸಿಕ್ಕಿಕೊಳ್ಳುತ್ತದೆ. ಟಬ್ಬನ್ನು ಗಟ್ಟಿ ಹಲಗೆಯ ಮೇಲೆ ನಾಲ್ಕು ಸಣ್ಣ ರಬ್ಬರ್ ಕಾಲು ಕೊಟ್ಟು ಕೂರಿಸಬೇಕು.

ತಂಪು ತುದಿ 21ರಿಂದ 24 ಇರಲಿ. ರಾತ್ರಿ ಮನೆಯ ತಾಪ ಇಳಿಸುವವರಾದರೆ ಅಲ್ಲಿ 19ಕ್ಕೆ ಬಂದರೂ ಬಿಸಿ ತುದಿ ಕೆಡದಿದ್ದರೆ ಭಯವಿಲ್ಲ. ಮ್ಯಾಟ್ ತಳವನ್ನು ಕಾಯಿಸುತ್ತದೆ, ಗಾಳಿಯನ್ನಲ್ಲ. ಕೋಣೆಯೇ ಇನ್ನೂ ತಣ್ಣಗಾದರೆ ಮ್ಯಾಟ್‌ನ ಸೆಟ್ಟಿಂಗ್ ಏರಿಸಬೇಡಿ. ಕಿಟಕಿ ಮತ್ತು ಹೊರಗೋಡೆಯಿಂದ ಟಬ್ಬನ್ನು ದೂರ ಸರಿಸಿ, ಮೂರು ಪಕ್ಕಕ್ಕೆ ಥರ್ಮೋಕೋಲ್ ಹಲಗೆ ನಿಲ್ಲಿಸಿ, ಗಾಳಿಕಂಡಿ ಬಿಟ್ಟುಕೊಳ್ಳಿ.

ಶೀತನಿದ್ರೆ ಮಾಡಿಸಬೇಕೇ ಎಂದು ಕೇಳುವವರಿದ್ದಾರೆ. ಮರಿಗೆ ಬೇಡ. ಮುಂದೆ ಮೊಟ್ಟೆ ಇಡಿಸಬೇಕೆಂದಿರುವ ದೊಡ್ಡ ಹಾವುಗಳನ್ನು ಹೊಟ್ಟೆ ಖಾಲಿ ಮಾಡಿಸಿ 10ರಿಂದ 13 ಡಿಗ್ರಿಯಲ್ಲಿ ಎರಡು ತಿಂಗಳು ಇಡುವುದುಂಟು, ಮೊದಲ ವರ್ಷದ ಮರಿಯ ಮೈಯಲ್ಲಿ ಅಷ್ಟು ಕೊಬ್ಬಿರುವುದಿಲ್ಲ. ಎಲ್ಲಕ್ಕಿಂತ ಕೆಟ್ಟದ್ದು ನಡುವಿನ ಸ್ಥಿತಿ. ಇಡೀ ಟಬ್ 18-20ರಲ್ಲಿದ್ದರೆ ಹಾವು ನಿದ್ದೆಗೂ ಹೋಗದು, ತಿಂದದ್ದನ್ನೂ ಅರಗಿಸದು.

ಊಟದ ಕತೆಯೂ ಈ ತಾಪಕ್ಕೇ ಅಂಟಿಕೊಂಡಿದೆ. 5ರಿಂದ 7 ದಿನಕ್ಕೊಮ್ಮೆ 2 ಗ್ರಾಂನ ಒಂದು ಪಿಂಕಿ, ಅಂದರೆ ಕೂದಲು ಬಾರದ ಇಲಿಮರಿ. ಫ್ರೀಜರಿನಿಂದ ತೆಗೆದು ಹಿಂದಿನ ರಾತ್ರಿಯೇ ಫ್ರಿಜ್‌ಗೆ ಹಾಕಿ, ಕೊಡುವ ಮುಂಚೆ ಜಿಪ್ ಚೀಲದಲ್ಲಿಟ್ಟು ಬಿಸಿನೀರಿನಲ್ಲಿ ಮೈಬಿಸಿಗೆ ತನ್ನಿ. ಮೈಕ್ರೋವೇವ್ ಬೇಡ, ಒಳಗೆ ಬೆಂದು ಒಡೆಯುತ್ತದೆ. ತಿಂದ ಮೇಲೆ 48 ಗಂಟೆ ಮುಟ್ಟುವಂತಿಲ್ಲ. ಈ ಎರಡು ದಿನದಲ್ಲಿ ಕರೆಂಟ್ ಹೋಗಿ ಟಬ್ ತಣ್ಣಗಾದರೆ ಮರಿ ಕಕ್ಕುತ್ತದೆ. ಹಾಗಾಗಿ ಹಿಮಬಿರುಗಾಳಿಯ ಮುನ್ಸೂಚನೆ ಇದ್ದರೆ ಆ ವಾರದ ಊಟ ಮುಂದೂಡುತ್ತೇನೆ. ಕಕ್ಕಿದ ಮೇಲೆ ಹಸಿದಿದೆಯೆಂದು ಮರುದಿನವೇ ಕೊಡುವುದು ಮರಿಯನ್ನು ಕೊಲ್ಲುವ ದಾರಿ. 10 ದಿನ ನೀರು ಮಾತ್ರ, ಆಮೇಲೆ ಸಿಗುವುದರಲ್ಲೇ ಅತಿ ಸಣ್ಣ ಪಿಂಕಿ. ಎರಡನೇ ಸಲ ಕಕ್ಕಿದರೆ ವೈದ್ಯರ ಹತ್ತಿರ.

ಊಟ ಬಿಟ್ಟಿದ್ದರೆ ಮೊದಲು ಥರ್ಮಾಮೀಟರ್ ನೋಡಿ, ಆಮೇಲೆ ಕಣ್ಣು. ಕಣ್ಣು ಹಾಲಿನಂತೆ ನೀಲಿಗಟ್ಟಿದ್ದರೆ ಪೊರೆ ಬಿಡುವ ತಯಾರಿ, ಕಾಯಬೇಕು. ಎರಡೂ ಸರಿಯಿದ್ದರೆ 0.1 ಗ್ರಾಂ ತೋರಿಸುವ ತಕ್ಕಡಿಯಲ್ಲಿ ವಾರಕ್ಕೊಮ್ಮೆ ತೂಗುವುದು. ತೂಕ ನಿಂತಲ್ಲೇ ನಿಂತಿದ್ದರೆ ಎರಡು ಮೂರು ಊಟ ತಪ್ಪಿದರೂ ಚಿಂತೆ ಬೇಡ. ಹತ್ತರಲ್ಲಿ ಒಂದು ಪಾಲು ಇಳಿದರೆ ಕಾಯಬೇಡಿ. ಬಾಯಿ ತೆರೆದು ಉಸಿರಾಡುವುದು, ಮೂಗಿನಲ್ಲಿ ಗುಳ್ಳೆ, ಗೊರಗೊರ ಸದ್ದು ಬಂದರೆ ಅದು ಶ್ವಾಸಕೋಶದ ಸೋಂಕು, ಅದೇ ವಾರ ಸರೀಸೃಪ ಬಲ್ಲ ವೈದ್ಯರಿಗೆ ತೋರಿಸಬೇಕು.

ಕರೆಂಟ್ ಹೋದಾಗ ಬಿಸಿನೀರಿನ ಬಾಟಲಿಗೆ ಟವೆಲ್ ಸುತ್ತಿ, ಟಬ್ಬಿನ ಜೊತೆ ಥರ್ಮೋಕೋಲ್ ಪೆಟ್ಟಿಗೆಯಲ್ಲಿಟ್ಟು, ಗಾಳಿಗೆ ಸಂದಿ ಬಿಡಿ. ಹ್ಯಾಂಡ್ ವಾರ್ಮರ್ ಪೊಟ್ಟಣ ಟಬ್ಬಿನೊಳಗೆ ಹಾಕಬೇಡಿ. ಅದು ಗಾಳಿಯ ಆಮ್ಲಜನಕ ತಿಂದೇ ಕಾಯುವುದು, ಮೈ ಸುಡುವಷ್ಟು ಬಿಸಿಯೂ ಆಗುತ್ತದೆ.

ಚಳಿಗಿಂತ ಒಣಗಾಳಿ ಮಾಡುವ ಹಾನಿ ಮೆಲ್ಲಗೆ ಕಾಣುತ್ತದೆ. ಫರ್ನೇಸ್ ಓಡುವ ಮನೆಯಲ್ಲಿ ತೇವಾಂಶ ಶೇ 20-25ಕ್ಕೆ ಇಳಿಯುತ್ತದೆ, ಮರಿಗೆ ಬೇಕಿರುವುದು 40ರಿಂದ 60. ಇಡೀ ಟಬ್ಬಿಗೆ ನೀರು ಚಿಮುಕಿಸಿದರೆ ಆಸ್ಪೆನ್ ಬೂಸ್ಟು ಹಿಡಿದು ಹೊಟ್ಟೆಯ ಹುರುಪೆಯಲ್ಲಿ ಗುಳ್ಳೆ ಏಳುತ್ತವೆ. ಅದರ ಬದಲು ಮರಿ ಹೊಕ್ಕು ಕೂರಲು ಒಂದು ಒದ್ದೆ ಗೂಡು ಮಾಡುತ್ತೇನೆ. ಕಾಲು ಲೀಟರಿನ ಮೊಸರಿನ ಡಬ್ಬಿಗೆ ಎರಡೂವರೆ ಸೆಂಟಿಮೀಟರ್ ತೂತು ಕೊರೆದು, ಅಂಚು ಉಜ್ಜಿ, ನೆನೆಸಿ ಗಟ್ಟಿಯಾಗಿ ಹಿಂಡಿದ ಸ್ಫ್ಯಾಗ್ನಮ್ ಪಾಚಿ ತುಂಬಿ ಟಬ್ಬಿನ ನಡುವಿನಲ್ಲಿಡುತ್ತೇನೆ. ಪೊರೆ ಒಂದೇ ತುಂಡಾಗಿ ಬರಬೇಕು. ಬಂದ ಕೂಡಲೇ ಬಿಡಿಸಿ ಕಣ್ಣಿನ ಎರಡು ಗುಂಡು ಮುಚ್ಚಳ, ಬಾಲದ ತುದಿ ಬಂದಿದೆಯೇ ನೋಡಿ. ಬಾಲದಲ್ಲಿ ಉಳಿದ ಪೊರೆ ಒಣಗಿ ಉಂಗುರದಂತೆ ಬಿಗಿದು, ರಕ್ತ ನಿಂತು ತುದಿ ಸತ್ತುಹೋಗುತ್ತದೆ. ಉಳಿದಿದ್ದರೆ 28 ಡಿಗ್ರಿಯ ನೀರಿನಲ್ಲಿ ಮೈ ಅರ್ಧ ಮುಳುಗುವಷ್ಟು 15-20 ನಿಮಿಷ ಇಟ್ಟು, ಒದ್ದೆ ಬಟ್ಟೆಯ ನಡುವೆ ತಾನಾಗಿ ಹರಿದುಹೋಗಲು ಬಿಡಿ. ಕಣ್ಣಿನ ಮುಚ್ಚಳವನ್ನು ಉಗುರಿನಿಂದ ಕೀಳಬೇಡಿ, ಮುಂದಿನ ಪೊರೆಯ ಜೊತೆ ಬರುತ್ತದೆ.

ಬಂದ ಪೊರೆಯನ್ನು ತಾರೀಕು ಬರೆದು ಎತ್ತಿಡಿ, ಗಂಡು ಹೆಣ್ಣಿನ ಕೆಲಸಕ್ಕೆ ಅದೂ ಬೇಕಾಗುತ್ತದೆ. ಬಣ್ಣ, ಚಿತ್ತಾರ, ಮುಂಗೋಪ ಯಾವುದರಿಂದಲೂ ಲಿಂಗ ತಿಳಿಯದು. ಆಮೆ, ಮೊಸಳೆಗಳಂತೆ ಮೊಟ್ಟೆಯ ಕಾವು ಹಾವಿನ ಲಿಂಗ ನಿರ್ಧರಿಸುವುದಿಲ್ಲ, ಅದು ವರ್ಣತಂತುಗಳ ಕೆಲಸ. ಕಾರ್ನ್ ಸ್ನೇಕ್‌ನಲ್ಲಿ ಹೆಣ್ಣಿನ ವರ್ಣತಂತು ಜೋಡಿ ಝಡ್‌ಡಬ್ಲ್ಯು, ಗಂಡಿನದು ಝಡ್‌ಝಡ್. ಪೊರೆಯಿಂದ ಡಿಎನ್ಎ ಪರೀಕ್ಷೆ ಸಾಧ್ಯವಾಗುವುದು ಇದರಿಂದಲೇ. ಆದರೆ ಬಾಲ್ ಪೈಥಾನ್ ಎಂಬ ಹೆಬ್ಬಾವಿನಲ್ಲಿರುವುದು ಎಕ್ಸ್‌ವೈ ಎಂದು 2017ರಲ್ಲಿ ಗೊತ್ತಾಗಿದೆ. ಪರೀಕ್ಷೆಗೆ ಕಳಿಸುವಾಗ ಜಾತಿ ಸರಿಯಾಗಿ ಬರೆಯಿರಿ.

ಗಂಡಿನ ಬಾಲದೊಳಗೆ ಎರಡು ಹೆಮಿಪೀನಿಸ್, ಅಂದರೆ ಜನನಾಂಗಗಳು, ಹಿಂದಕ್ಕೆ ಮಡಿಚಿಕೊಂಡಿರುತ್ತವೆ. ಅದಕ್ಕೇ ಬಾಲದ ಬುಡ ದಪ್ಪ, ಬಾಲವೂ ಉದ್ದ. ದೊಡ್ಡ ಹಾವಿನಲ್ಲಿ ಇದು ಕಣ್ಣಿಗೇ ಕಾಣುತ್ತದೆ, ಮರಿಯಲ್ಲಿ ನಂಬುವಂತಿಲ್ಲ. ಪೊರೆಯ ಬಾಲದ ಅಡಿಯಲ್ಲಿ ಜೋಡಿ ಹುರುಪೆಗಳ ಸಾಲಿದೆ. ಗುದದ್ವಾರದಿಂದ ತುದಿಯವರೆಗೆ ಒಂದು ಸಾಲು ಎಣಿಸಿದರೆ ಗಂಡಿನಲ್ಲಿ ಹೆಚ್ಚು ಸಿಗುತ್ತವೆ. ಪೊರೆ ಹಿಗ್ಗಿದರೂ ಎಣಿಕೆ ಬದಲಾಗದು. ಆದರೆ ಗಂಡು ಹೆಣ್ಣಿನ ಅಂಕಿಗಳು ಒಂದರ ಮೇಲೊಂದು ಹಾಯುತ್ತವೆ. ಒಂದೇ ತಾಯಿಯ ಮರಿಗಳನ್ನು ಹೋಲಿಸಲು ಮಾತ್ರ ಇದು ಒಳ್ಳೆಯದು, ತುದಿ ಕಳೆದುಕೊಂಡ ಬಾಲಕ್ಕೆ ಅದೂ ಇಲ್ಲ.

ಮರಿಗೆ ನಡೆಯುವ ವಿಧಾನ ಪಾಪಿಂಗ್, ಅಂದರೆ ಬೆರಳು ಹೊರಳಿಸಿ ಹೆಮಿಪೀನಿಸ್ ಹೊರಬರುತ್ತದೆಯೇ ನೋಡುವುದು. ಮೊಟ್ಟೆ ಒಡೆದ ಮೊದಲ ಕೆಲವು ವಾರಗಳಲ್ಲೇ ಸುಲಭ, ಆಮೇಲೆ ಬಾಲದ ಸ್ನಾಯು ಬಲಿಯುತ್ತದೆ. ಇದನ್ನು ಬಲ್ಲವರ ಕೈ ಪಕ್ಕದಲ್ಲಿ ಕೂತು ಕಲಿಯಲೇಬೇಕು, ಬೆನ್ನುಮೂಳೆ ಅಷ್ಟು ಸಣ್ಣದು. ಮರಿ ಬೆಚ್ಚಗಿರಬೇಕು, ಊಟವಾಗಿ ಮೂರು ದಿನ ಕಳೆದಿರಬೇಕು, ಕಣ್ಣು ನೀಲಿಯಾಗಿರಬಾರದು. ತಣ್ಣಗಿರುವ ಹಾವಿಗೆ ಇದನ್ನು ಎಂದೂ ಮಾಡುವುದಿಲ್ಲ. ಹೊಟ್ಟೆ ಮೇಲಾಗಿ ಎಡಗೈಯಲ್ಲಿ ಹಿಡಿದು, ಎಡ ಹೆಬ್ಬೆರಳಿನಿಂದ ಗುದದ್ವಾರ ಮುಚ್ಚಿರುವ ಅಗಲ ಹುರುಪೆಯನ್ನು ತಲೆಯ ಕಡೆಗೆ ನವಿರಾಗಿ ಎಳೆದರೆ ದ್ವಾರ ತೆರೆಯುತ್ತದೆ. ಬಲ ಹೆಬ್ಬೆರಳಿನ ಮೆತ್ತನೆ ಭಾಗವನ್ನು ಬಾಲದ ಮೇಲೆ, ದ್ವಾರದಿಂದ ಒಂದು ಸೆಂಟಿಮೀಟರ್ ಆಚೆ, ಚಪ್ಪಟೆಯಾಗಿ ಇಟ್ಟು ದ್ವಾರದ ಕಡೆಗೆ ಹೊರಳಿಸಬೇಕು. ಒತ್ತುವುದಲ್ಲ, ಹೊರಳಿಸುವುದು. ಉಗುರು ತಾಗಬಾರದು. ಗಂಡಾದರೆ ಕೈಗವಸಿನ ಬೆರಳು ಒಳಮಗ್ಗುಲು ಹೊರಬಂದಂತೆ ಎರಡೂ ಪಕ್ಕ ಕೆಂಪು ಕಡ್ಡಿಗಳು ಚಿಮ್ಮುತ್ತವೆ, ರಕ್ತನಾಳ ಎದ್ದು ಕಾಣುತ್ತದೆ. ಹೆಣ್ಣಿನಲ್ಲಿ ಏನೂ ಬರುವುದಿಲ್ಲ, ಇಲ್ಲವೇ ವಾಸನೆ ಗ್ರಂಥಿಯ ಎರಡು ಚುಕ್ಕೆಗಳಷ್ಟೇ. ಆ ಚುಕ್ಕೆ ಉಬ್ಬಿದಾಗ ಗಂಡೆಂದು ಮೋಸಹೋಗುವುದುಂಟು, ರಕ್ತನಾಳ ಕಾಣದಿದ್ದರೆ ಗಂಡೆನ್ನಬೇಡಿ. ಗಂಡು ಬಾಲ ಬಿಗಿಹಿಡಿದರೆ ಅದರಲ್ಲೂ ಏನೂ ಹೊರಬಾರದು. ಆದ್ದರಿಂದ ಬಂದದ್ದು ಗಂಡೆಂಬುದು ಖಚಿತ, ಬಾರದ್ದು ಹೆಣ್ಣೆಂಬುದು ಊಹೆ. ಎರಡು ಸಲಕ್ಕಿಂತ ಹೆಚ್ಚು ಹೊರಳಿಸುವುದಿಲ್ಲ. ಹೊರಬಂದದ್ದು ಬೇಗನೆ ತಾನಾಗಿ ಒಳಹೋಗಬೇಕು. ಹೋಗದಿದ್ದರೆ ಸಲೈನ್‌ನಿಂದ ತೇವವಾಗಿಟ್ಟು ವೈದ್ಯರಲ್ಲಿಗೆ.

ಸಲಾಕೆ ಹಾಕಿ ನೋಡುವುದು, ಅಂದರೆ ಪ್ರೋಬಿಂಗ್, ಅರ್ಧ ಮೀಟರ್ ದಾಟಿದ ಹಾವಿಗೆ ಮಾತ್ರ. ತುದಿ ಗುಂಡಾಗಿರುವ ಉಕ್ಕಿನ ಸಲಾಕೆಗೆ ನೀರಿನ ಮೂಲದ ಜೆಲ್ ಹಚ್ಚಿ, ದ್ವಾರದ ಹಿಂದಿನ ಅಂಚಿನಲ್ಲಿ ಒಂದು ಪಕ್ಕಕ್ಕೆ, ಬಾಲದ ತುದಿಯ ದಿಕ್ಕಿಗೆ ತಿರುವುತ್ತ ಜಾರಿಸಬೇಕು. ತಡೆ ಸಿಕ್ಕಲ್ಲಿ ನಿಲ್ಲಿಸಿ, ಅಷ್ಟುದ್ದ ಬೆರಳಲ್ಲಿ ಹಿಡಿದು ಹೊರಗಿನಿಂದ ಹುರುಪೆ ಎಣಿಸಿ. 2ರಿಂದ 4 ಹೆಣ್ಣು, 8ರ ಮೇಲೆ ಗಂಡು. 5, 6, 7 ಬಂದರೆ ತೀರ್ಪು ಬೇಡ, ಇನ್ನೊಂದು ದಿನ ಇನ್ನೊಂದು ಪಕ್ಕ ನೋಡಿ. ಗಂಡು ಬಿಗಿಹಿಡಿದರೆ ಕಡಿಮೆ ಬರುತ್ತದೆ. ಹೆಣ್ಣಿನಲ್ಲಿ ಬಲ ಹಾಕಿದರೆ ಒಳಗಿನ ತೆಳು ಗೋಡೆ ತೂತಾಗಿ ಹೆಚ್ಚು ಬರುತ್ತದೆ, ಗಾಯವೂ ಆಗುತ್ತದೆ. ಮರಿಗೆ ಸಲಾಕೆ ಬೇಡ ಎನ್ನುವುದು ಈ ಕಾರಣಕ್ಕೇ.

ಟಬ್ಬಿನ ಚೀಟಿಯಲ್ಲಿ ನಾನು ಬರೆಯುವುದು ‘ಗಂಡು’ ಅಥವಾ ‘ಹೆಣ್ಣಿರಬಹುದು’. ಗಂಡಾಗಲಿ ಹೆಣ್ಣಾಗಲಿ ಎರಡು ಮರಿಗಳನ್ನು ಒಂದೇ ಟಬ್ಬಿನಲ್ಲಿ ಇಡುವುದಿಲ್ಲ, ಒಂದನ್ನೊಂದು ನುಂಗುವ ಸಂಭವ ಇದ್ದೇ ಇದೆ. ‘ಹೆಣ್ಣಿರಬಹುದು’ ಎಂಬ ಚೀಟಿಯ ಹಾವು ಬೆಳೆದ ಮೇಲೆ, ಯಾವುದಾದರೂ ವಸಂತದಲ್ಲಿ ಊಟ ಬಿಟ್ಟು ಹಿಂಭಾಗ ಊದಿಕೊಂಡು ಟಬ್ಬಿಡೀ ಅಲೆದಾಡತೊಡಗಿದರೆ, ಗಂಡಿನ ಜೊತೆ ಸೇರದಿದ್ದರೂ ಪೊಳ್ಳು ಮೊಟ್ಟೆ ಇಡಲು ಹೊರಟಿರಬಹುದು. ಮೈ ಸುತ್ತಿ ಕೂರುವಷ್ಟು ದೊಡ್ಡ ಡಬ್ಬಿಗೆ ಒದ್ದೆ ಪಾಚಿ ತುಂಬಿ ಅಂದೇ ಒಳಗಿಡಿ.