ಎಸ್‌ಆರ್ ಓದೋದು ಕಲಿತೆ, ಆಮೇಲೆ ಓಟು ಕೇಳಿದೆ

ಶಿಕ್ಷಕರ ಸಂಘಕ್ಕೆ ನಾನು ಬಂದದ್ದು ಭಾಷಣ ಮಾಡಿ ಅಲ್ಲ, ಒಬ್ಬ ಹಿರಿಯ ಟೀಚರ್‌ನ ಎಸ್‌ಆರ್, ಅಂದರೆ ನೌಕರಿಯ ದಾಖಲೆಯೆಲ್ಲ ಇರುವ ಸೇವಾ ಪುಸ್ತಕ ಹಿಡಿದುಕೊಂಡು. ಆಗ ನಾನು ಕೊರಟಗೆರೆ ತಾಲೂಕಿನ ಒಂದು ಹಳ್ಳಿಯ ಪ್ರಾಥಮಿಕ ಶಾಲೆಯಲ್ಲಿದ್ದೆ. ಪಕ್ಕದೂರಿನ ಆ ಟೀಚರ್ ನಿವೃತ್ತರಾಗಿ ಎಂಟು ತಿಂಗಳಾಗಿತ್ತು. ಪಿಂಚಣಿ ಇಲ್ಲ. ಕಚೇರಿಗೆ ಹೋದಾಗಲೆಲ್ಲ ಒಂದೇ ಮಾತು, "ನಾಳೆ ಬನ್ನಿ ಮೇಡಂ."

ಒಂದು ಶನಿವಾರ ಇಬ್ಬರೂ ಹೋಗಿ ಕೂತೆವು. ಎಸ್‌ಆರ್ ತೆಗೆಸಿ ಒಂದೊಂದೇ ಹಾಳೆ ತಿರುವಿದೆ. ಒಂದು ವರ್ಷದ ಇನ್‌ಕ್ರಿಮೆಂಟ್ ಎದುರು ಸಹಿಯೇ ಇರಲಿಲ್ಲ. ಅದು ಅವರು ಹೆರಿಗೆ ರಜೆಯಲ್ಲಿದ್ದ ವರ್ಷ. ರಜೆ ಮಂಜೂರಾದ ಆದೇಶವನ್ನು ಯಾರೂ ಪುಸ್ತಕಕ್ಕೆ ಏರಿಸಿರಲಿಲ್ಲ. ಆದೇಶದ ಪ್ರತಿ ಅವರ ಮನೆಯ ಟ್ರಂಕಿನಲ್ಲಿ, ಮದುವೆ ಸೀರೆಯ ಕೆಳಗೆ ಮಡಚಿಟ್ಟ ಹಾಗೇ ಸಿಕ್ಕಿತು. ಅದರ ಜೆರಾಕ್ಸ್ ಲಗತ್ತಿಸಿ ಒಂದೇ ಪುಟದ ಮನವಿ ಬರೆದೆ. ಸ್ವೀಕೃತಿ ಮುದ್ರೆ ಹಾಕಿಸಿಕೊಂಡೇ ಎದ್ದೆ. ಪಿಂಚಣಿ ಶುರುವಾದ ದಿನ ಅವರು ನಮ್ಮ ಮನೆಗೆ ಬಂದು ನನ್ನ ಕೈ ಹಿಡಿದುಕೊಂಡು ಅತ್ತರು. "ನೀನು ಸಂಘದಲ್ಲಿ ಇರಬೇಕಮ್ಮ" ಅಂದರು.

ತಾಲೂಕು ಸಂಘದ ಚುನಾವಣೆಗೆ ನಿಂತೆ, ಗೆದ್ದೆ. ಅಲ್ಲಿಂದ ಜಿಲ್ಲಾ ಸಂಘ. ಬಡ್ತಿ, ವರ್ಗಾವಣೆ, ಸಂಬಳ ಬಾಕಿ ಅಂತ ಫೈಲುಗಳ ಹಿಂದೆ ಓಡಾಡಿದೆ. ನಮ್ಮ ತುಮಕೂರು ಕಂದಾಯ ಜಿಲ್ಲೆಯಲ್ಲಿ ಶೈಕ್ಷಣಿಕ ಜಿಲ್ಲೆ ಎರಡು, ತುಮಕೂರು ಮತ್ತು ಮಧುಗಿರಿ. ಹಾಗಾಗಿ ಒಂದೇ ಸಮಸ್ಯೆಗೆ ಎರಡು ಡಿಡಿಪಿಐ (ಶಿಕ್ಷಣ ಇಲಾಖೆಯ ಉಪನಿರ್ದೇಶಕರ) ಕಚೇರಿ ಸುತ್ತಬೇಕು. 2006ರ ಏಪ್ರಿಲ್ 1ರಿಂದ ಈಚೆಗೆ ಸೇರಿದವರಿಗೆ ಹಳೇ ಪಿಂಚಣಿ ಇಲ್ಲ ಅಂತಾದ ಮೇಲೆ ನನ್ನ ಮಕ್ಕಳ ವಯಸ್ಸಿನ ಶಿಕ್ಷಕರ ಜೊತೆ ಬೆಂಗಳೂರಿನ ಫ್ರೀಡಂ ಪಾರ್ಕಿಗೂ ಹೋಗಿ ಧರಣಿ ಕೂತೆ. ನನಗೆ ಹಳೇ ಪಿಂಚಣಿ ಇತ್ತು. ಅವರಿಗಿಲ್ಲ ಅನ್ನೋದು ಇವತ್ತಿಗೂ ಸಂಕಟ.

ಇಷ್ಟೆಲ್ಲ ವರ್ಷ ನನಗೇ ಶಿಕ್ಷಕರ ಕ್ಷೇತ್ರದಲ್ಲಿ ಓಟಿರಲಿಲ್ಲ! ವಿಧಾನ ಪರಿಷತ್ತಿನ 75 ಸ್ಥಾನಗಳಲ್ಲಿ 7 ಶಿಕ್ಷಕರ ಕ್ಷೇತ್ರದವು, ಅಂದರೆ ಶಿಕ್ಷಕರೇ ಓಟು ಹಾಕಿ ಆರಿಸುವಂಥವು. ಆದರೆ ಸಂವಿಧಾನದ 171ನೇ ವಿಧಿಯ ಪ್ರಕಾರ ಪ್ರೌಢಶಾಲೆಗಿಂತ ಕೆಳಗೆ ಪಾಠ ಮಾಡುವವರು ಮತದಾರರಲ್ಲ. ಅ ಆ ಇ ಈ ತಿದ್ದಿಸುವವರನ್ನು ಶಿಕ್ಷಕರ ಲೆಕ್ಕದಿಂದಲೇ ಬಿಟ್ಟಂತಾಯಿತು, ಅಲ್ವಾ? ಹೈಸ್ಕೂಲಿಗೆ ಬಡ್ತಿ ಸಿಕ್ಕಿ ಮೂರು ವರ್ಷ ಕಳೆದ ಮೇಲೆ ನಮೂನೆ 19 ತುಂಬಿ ಮತದಾರಳಾದೆ. ಒಂದು ಸಲ ತುಂಬಿದರೆ ಮುಗಿಯಲಿಲ್ಲ. ಪ್ರತಿ ಚುನಾವಣೆಗೂ ಪಟ್ಟಿಯನ್ನು ಹೊಸದಾಗಿಯೇ ಮಾಡುತ್ತಾರೆ. ಇದು ಗೊತ್ತಿಲ್ಲದೆ ಎಷ್ಟೋ ಜನ ಓಟು ಕಳೆದುಕೊಳ್ಳುತ್ತಾರೆ.

ಸರ್ಕಾರಿ ನೌಕರಿಯಲ್ಲಿದ್ದು ಚುನಾವಣೆಗೆ ನಿಲ್ಲೋ ಹಾಗಿಲ್ಲ. ನಿವೃತ್ತಳಾದ ಮೇಲೆ 10,000 ರೂಪಾಯಿ ಠೇವಣಿ ಕಟ್ಟಿ ಆಗ್ನೇಯ ಶಿಕ್ಷಕರ ಕ್ಷೇತ್ರಕ್ಕೆ ಪಕ್ಷೇತರಳಾಗಿ ನಿಂತೆ. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು, ಚಿತ್ರದುರ್ಗ, ಜೊತೆಗೆ ದಾವಣಗೆರೆ ಕಡೆಯ ತಾಲೂಕುಗಳು. ಜಾಸ್ತಿ ಓಡಾಟ ಬಸ್ಸಿನಲ್ಲೇ.

ಹೋದಲ್ಲೆಲ್ಲ ಮೊದಲು ಓಟು ಹಾಕೋದು ಹೇಗೆ ಅಂತಲೇ ಹೇಳುತ್ತಿದ್ದೆ. ಬೋರ್ಡಿನ ಮೇಲೆ ಬರೆದೇ ತೋರಿಸುತ್ತಿದ್ದೆ. ಮತಗಟ್ಟೆಯಲ್ಲಿ ಕೊಡುವ ನೇರಳೆ ಬಣ್ಣದ ಸ್ಕೆಚ್ ಪೆನ್ನನ್ನೇ ಬಳಸಬೇಕು. ಹೆಸರಿನ ಎದುರು 1 ಅಂತ ಅಂಕಿ ಬರೆಯಬೇಕು. ಟಿಕ್ ಹಾಕಿದರೆ, "ಒಂದು" ಅಂತ ಅಕ್ಷರದಲ್ಲಿ ಬರೆದರೆ ಓಟು ತಿರಸ್ಕೃತ. ಮಕ್ಕಳ ಉತ್ತರ ಪತ್ರಿಕೆಗೆ ಟಿಕ್ ಹಾಕಿ ಹಾಕಿ ನಮ್ಮ ಕೈಗೆ ಅದೇ ರೂಢಿ.

ಪಾವಗಡದ ಕಡೆ ಒಂದು ಕಾಂಪೌಂಡಿನಲ್ಲಿ ಹೈಸ್ಕೂಲು, ಪ್ರೈಮರಿ ಎರಡೂ ಇದ್ದವು. ಹೈಸ್ಕೂಲಿನವರ ಹತ್ತಿರ ಮಾತಾಡಿ ಹೊರಗೆ ಬಂದಾಗ ಪ್ರೈಮರಿ ಟೀಚರ್ ಒಬ್ಬರು ಮಜ್ಜಿಗೆ ತಂದುಕೊಟ್ಟರು. "ನಮ್ಮ ಹತ್ತಿರ ಓಟಿಲ್ಲ ಮೇಡಂ. ಆದ್ರೂ ನೀವು ನಮ್ಮವರು" ಅಂದರು. ಲೋಟ ಹಿಡಿದು ಸುಮ್ನೆ ನಿಂತುಬಿಟ್ಟೆ.

ಎಣಿಕೆಯಲ್ಲಿ ಗೆಲ್ಲಲು ಅಂಗೀಕೃತ ಮತಗಳ ಅರ್ಧಕ್ಕಿಂತ ಒಂದು ಹೆಚ್ಚು ಬೇಕು. ಕಡಿಮೆ ಮತ ಬಂದದ್ದರಿಂದ ನಾನು ಮೊದಲೇ ಹೊರಬಿದ್ದೆ. ನನ್ನ ಮತಪತ್ರಗಳ ಕಟ್ಟು ಬಿಚ್ಚಿ, ಎರಡನೇ ಪ್ರಾಶಸ್ತ್ಯ, ಅಂದರೆ ಯಾರ ಹೆಸರಿನ ಎದುರು 2 ಅಂತ ಬರೆದಿದ್ದಾರೆ ಅಂತ ನೋಡಿ ಬೇರೆಯವರಿಗೆ ಹಂಚಿದರು. ಸೋತದ್ದಕ್ಕೆ ನೋವಾಯಿತು. ಪಾವಗಡದ ಆ ಟೀಚರ್‌ಗೆ ಓಟಿಲ್ಲ ಅನ್ನೋದು ಅದಕ್ಕಿಂತ ಜಾಸ್ತಿ ಕಾಡಿತು. 171ನೇ ವಿಧಿ ತಿದ್ದಬೇಕಾದದ್ದು ಸಂಸತ್ತು. ಪ್ರಾಥಮಿಕ ಶಿಕ್ಷಕರಿಗೂ ಓಟು ಕೊಡಿ ಅಂತ ನಮ್ಮ ಸಂಸದರ ಕಚೇರಿಗೆ ಒಂದು ಪುಟದ ಮನವಿ ಕೊಟ್ಟು, ಸ್ವೀಕೃತಿ ಹಾಕಿಸಿಕೊಂಡು ಬಂದೆ.